ಹೊಸ್ತಿಲಿಗೆ ಅಡ್ಡ ಇಟ್ಟ ಕಾಲು

ಕರೆಗಂಟೆ ಹೊಡೆದ ಕೂಡಲೇ ಮೊದಲು ಎದ್ದು ನಿಲ್ಲುವುದು ತಾನೋ ನಾಯಿಯೋ ಎಂಬುದು ಈಚೆಗೆ ಅವನಿಗೇ ಗೊತ್ತಾಗುತ್ತಿರಲಿಲ್ಲ. ಗಂಟೆಯ ಸದ್ದು ಇನ್ನೂ ಗೋಡೆಯಿಂದ ಇಳಿದಿರುತ್ತಿರಲಿಲ್ಲ, ಅಷ್ಟರಲ್ಲಿ ಮಂಚದ ಕೆಳಗಿನಿಂದ ಆ ಕಪ್ಪು ಉಂಡೆ ಉರುಳಿ ಹೊರಬೀಳುತ್ತಿತ್ತು, ಅದರ ಉಗುರುಗಳು ನುಣುಪು ನೆಲದ ಮೇಲೆ ಜಾರಿ ಕರಕರ ಎನ್ನುತ್ತಿದ್ದವು, ಪರದೆಯ ಆಚೆ ಹೊಲಿಗೆ ಯಂತ್ರದ ಚಕ್ರವನ್ನು ಅಂಗೈಯಿಂದ ತಡೆದು, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ತಂಗಿ ಕೂಗುತ್ತಿದ್ದಳು: "ಅಣ್ಣಾ, ನಾಯಿ!" ಬಾಗಿಲು ತೆಗಿ ಎಂದಲ್ಲ, ಯಾರು ನೋಡು ಎಂದೂ ಅಲ್ಲ. ಅಣ್ಣಾ, ನಾಯಿ. ದಿನಕ್ಕೆ ಎಷ್ಟು ಸಲವೋ ಕೇಳುತ್ತಿದ್ದ ಆ ಎರಡು ಮಾತಿನಲ್ಲಿ ತನ್ನದೂ ನಾಯಿಯದೂ ಹೆಸರು ಒಂದರ ಪಕ್ಕ ಒಂದು ಬಂದು ಕೂರುವುದು ಅವನಿಗೆ ಇರಿಸುಮುರಿಸಾದರೂ, ಕೂಗು ಬಾರದ ಭಾನುವಾರಗಳಲ್ಲಿ ಕಿವಿ ಅದಕ್ಕಾಗಿ ಕಾಯುತ್ತಿತ್ತು. ಹೋಗಿ ಮೊದಲು ಬಲಗಾಲನ್ನು ಹೊಸ್ತಿಲಿಗೆ ಅಡ್ಡ ಇಡುವನು, ಹಿಮ್ಮಡಿ ಚೌಕಟ್ಟಿಗೆ ತಾಗುವಂತೆ, ಮೊಣಕಾಲು ಕೊಂಚ ಬಾಗಿಸಿ, ಕಣಕಾಲಿನ ಮೂಳೆಯೇ ಒಂದು ಪುಟ್ಟ ಗೇಟು ಆಗುವಂತೆ. ಆಮೇಲೆ ಚಿಲಕ. ಆಮೇಲೆ ಅಂಗೈ ಅಗಲದ ಸಂದು. "ಬೇಗ ಬನ್ನಿ, ಓರೆಯಾಗಿ ಬನ್ನಿ, ನಾಯಿ ಇದೆ." ಬಂದವರು ಹಿಂದೆ ಸರಿಯುತ್ತಿದ್ದರು. "ಕಚ್ಚುತ್ತಾ?" "ಕಚ್ಚಲ್ಲ. ಓಡುತ್ತೆ." ಈ ಉತ್ತರವನ್ನು ಅವನು ಪ್ರತಿ ಸಲವೂ ಹೊಸದೆಂಬಂತೆ, ಒಳಗೇ ಸ್ವಲ್ಪ ಬೀಗುತ್ತ ಹೇಳುತ್ತಿದ್ದ.

ಅದು ಯಾಕೆ ಓಡುತ್ತದೆ ಎಂದು ಯಾರಿಗೂ ತಿಳಿದಿರಲಿಲ್ಲ. ತಂಗಿಯ ಮಗಳು ಅದನ್ನು ತನ್ನ ಕೋಟಿನ ಜೇಬಿನಲ್ಲಿ ಇಟ್ಟುಕೊಂಡು ತಂದಿದ್ದಳು. ಕೋಟಿನ ಗುಂಡಿಯಷ್ಟೇ ಇದ್ದುದರಿಂದ, ಅದೂ ಹೊಲಿಗೆಯವಳ ಮನೆಯಾದ್ದರಿಂದ, ಗುಂಡಿ ಎಂದೇ ಹೆಸರಾಯಿತು. ಹುಡುಗಿ ಬೆಳಿಗ್ಗೆ ರಕ್ತ ಪರೀಕ್ಷೆಯ ಲ್ಯಾಬಿಗೆ ಹೊರಟರೆ ಬರುವುದು ಸಂಜೆಗೆ. ಅಲ್ಲಿಯವರೆಗೆ ನಾಯಿ ಮಾವನ ಪಾಲು. ತಿನ್ನಲು ಇತ್ತು, ಮಲಗಲು ಇತ್ತು, ಹಿಡಿದು ತಂದರೆ ಸಂತೋಷದಿಂದಲೇ ಒಳಗೆ ಬರುತ್ತಿತ್ತು. ಆದರೂ ಬಾಗಿಲು ಸಂದು ಬಿಟ್ಟರೆ ಸಾಕು, ಬಾಣ. ಮೂರು ಮಹಡಿ ಮೆಟ್ಟಿಲು, ಕೆಳಗೆ ಬಸ್ಸು ಓಡಾಡುವ ರಸ್ತೆ. ಒಮ್ಮೆ ಹಾಲಿನ ವ್ಯಾನು ಅದರ ಬಾಲದ ಕೂದಲನ್ನು ಸವರಿಕೊಂಡು ಹೋಗಿ, ಹುಡುಗಿ ಊಟ ಬಿಟ್ಟು ಅತ್ತಿದ್ದಳು. ಓಡುವಾಗ ಅದರ ಮುಖ ನೋಡಿದವನು ಅವನೊಬ್ಬನೇ. ಯಾವುದನ್ನೂ ಅದು ಅರಸುತ್ತಿರಲಿಲ್ಲ. ಬಾಗಿಲು ತೆರೆದಿದೆ, ಅಷ್ಟೇ. ತೆರೆದ ಬಾಗಿಲಿಗೆ ಅಷ್ಟು ಗೌರವ ಕೊಟ್ಟ ಇನ್ನೊಂದು ಜೀವವನ್ನು ಅವನು ಕಂಡಿರಲಿಲ್ಲ, ಕೂದಲು ಕಪ್ಪಿದ್ದಾಗಿನಿಂದ ನೆರೆಯುವ ತನಕ ಬಾಗಿಲು ತೆರೆಯುವುದೇ ಕೆಲಸವಾಗಿದ್ದರೂ. ದೊಡ್ಡ ಕಚೇರಿಯೊಂದರ ಲಿಫ್ಟು ಅವನದಾಗಿತ್ತು. ಜಾಲರಿ ಬಾಗಿಲನ್ನು ಎಳೆದು, ಹಿತ್ತಾಳೆಯ ಹಿಡಿಯನ್ನು ತಿರುಗಿಸಿ, ಮಹಡಿ ಬಂದಾಗ ಲಿಫ್ಟಿನ ನೆಲವನ್ನು ಹೊರಗಿನ ನೆಲಕ್ಕೆ ಕೂದಲೆಳೆಯಷ್ಟೂ ಏರುಪೇರಿಲ್ಲದೆ ಕೂಡಿಸಿ ನಿಲ್ಲಿಸಬೇಕು. ಒಳಗೆ ಬಂದವರು ಅವನ ತಲೆಯ ಮೇಲಿನ ಅಂಕಿಗಳನ್ನು ನೋಡುತ್ತಿದ್ದರು. ಅವನು ಮನಸ್ಸಿನಲ್ಲೇ ಅಪ್ಪ ಹೇಳುತ್ತಿದ್ದ ಪದ್ಯ ಹೇಳಿಕೊಳ್ಳುತ್ತಿದ್ದ. ಅಪ್ಪ ದೀಪ ಹಚ್ಚುವ ಹೊತ್ತಿಗೆ ಗೋಡೆಗೆ ಒರಗಿ, ಕಣ್ಣು ಮುಚ್ಚಿ, ರಾಗವೂ ಅಲ್ಲದ ಮಾತೂ ಅಲ್ಲದ ದನಿಯಲ್ಲಿ ಹೇಳುತ್ತಿದ್ದ ದೇವರ ಪದ್ಯಗಳು. ಪುಸ್ತಕ ನೋಡದೆ ಕಿವಿಯಿಂದಲೇ ಕಲಿತದ್ದು. ಒಂದು ಸಾಲಿಗೆ ಒಂದು ಮಹಡಿ. ಪದ್ಯ ಮುಗಿಯುವುದಕ್ಕೂ ಮೇಲಿನ ಮಹಡಿ ಬರುವುದಕ್ಕೂ ಸರಿಹೋಗುತ್ತಿತ್ತು. ಇಳಿಯುವಾಗ ಇನ್ನೊಂದು.

ಆ ದಿನ ಬೆಳಿಗ್ಗೆ ಗಂಟೆ ಹೊಡೆದಾಗಲೂ ಕಾಲು ಅಡ್ಡ ಇತ್ತು. ಬಂದವಳು ಮಗಳ ಮದುವೆ ಉಡುಪಿನ ಸೊಂಟ ಬಿಡಿಸಲು ಬಂದ ದಪ್ಪನೆಯ ಹೆಂಗಸು, ಅವಳಿಗಿಂತ ದಪ್ಪನೆಯ ಚೀಲ. ಓರೆಯಾಗಿ ಬನ್ನಿ ಎಂದರೆ ನೇರವಾಗಿ ನುಗ್ಗಿದಳು. ಚೀಲ ಅವನ ಮೊಣಕಾಲಿಗೆ ಬಡಿಯಿತು. ಚೀಲದ ಕೆಳಗಿನಿಂದ ಕಪ್ಪಗೆ ಏನೋ ಸುಳಿದದ್ದು ಕಾಣಿಸಿತು, ಅಷ್ಟೇ. ಒಂದೇ ಕಾಲಿಗೆ ಚಪ್ಪಲಿ ಸಿಕ್ಕಿಸಿಕೊಂಡು ಇಳಿದ. ಕೆಳಗಿನ ಬಾಗಿಲಲ್ಲಿ ತಂಗಿಯ ಗಂಡ, ಡ್ರೈವಿಂಗ್ ಶಾಲೆಯ ಮೇಷ್ಟ್ರು, ತನ್ನ ಇಬ್ಬರು ಶಿಷ್ಯರೊಂದಿಗೆ ನಿಂತಿದ್ದ. ನಾಯಿ ಅವನ ಒಂದು ಕೈಯಲ್ಲಿ ಕತ್ತಿನ ಚರ್ಮದಿಂದ ನೇತಾಡುತ್ತಿತ್ತು, ಒಗೆದು ಹಿಂಡಿದ ಕಾಲುಚೀಲದ ಹಾಗೆ. "ಏನ್ ಭಾವ, ಮೇಲಕ್ಕೋ ಕೆಳಕ್ಕೋ?" ಲಿಫ್ಟಿನವನಿಗೆ ಎಂದೇ ಮಾಡಿಟ್ಟ ಆ ಹಳೆಯ ತಮಾಷೆಗೆ ಶಿಷ್ಯರು ಹೊಸದಾಗಿ ನಕ್ಕರು. "ಒಂದು ಗೇಣು ನಾಯಿ ಭಾವ. ಬ್ರೇಕು ಹಾಕೋಕಾಗಲ್ವಾ?" ಎಂದು ಬಲಗಾಲಿನಿಂದ ನೆಲವನ್ನು ಒತ್ತಿ ತೋರಿಸಿದ. ಅವನೂ ನಕ್ಕ. ಮೆಟ್ಟಿಲು ಹತ್ತುವಾಗ ಅವರು ನಕ್ಕದ್ದು ಮರೆತುಹೋಯಿತು; ತಾನು ನಕ್ಕದ್ದು ಮಾತ್ರ ಗಂಟಲಲ್ಲಿ ಮೀನಿನ ಮುಳ್ಳಿನಂತೆ ಉಳಿಯಿತು.

ಮಧ್ಯಾಹ್ನ ಮಂಚದ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದ್ದ. ಯಂತ್ರ ನಿಂತಿತು. ಯಂತ್ರ ನಿಂತರೆ ಪರದೆ ಎಂಬುದು ಬರೀ ಬಟ್ಟೆ ಎಂದು ಆ ಮನೆಯಲ್ಲಿ ಯಾರಿಗೂ ಹೊಳೆದಿರಲಿಲ್ಲ. "ಎರಡನೇ ಮಿಷನ್ ತರ್ತೀನಿ ಅಂತೀಯ, ಎಲ್ಲಿಡ್ತೀಯ?" ಎಂದ ತಂಗಿಯ ಗಂಡ. "ಬೆಳಕಿರೋದು ಆ ಮೂಲೇಲಿ ಮಾತ್ರ." "ಅಲ್ಲಿ ಅಣ್ಣ ಮಲಗ್ತಾನಲ್ಲ." "ಅದನ್ನೇ ನಾನೂ ಹೇಳ್ತಿರೋದು." ಸ್ವಲ್ಪ ಹೊತ್ತು ಕತ್ತರಿಯ ಸದ್ದು. "ನನ್ನ ಹತ್ರ ಗಾಡಿ ಕಲಿತವನೊಬ್ಬ ವಯಸ್ಸಾದೋರ ಮನೆ ನಡೆಸ್ತಾನೆ. ಊರಾಚೆ. ಜಾಗ ಇದೆ, ಕರ್ಕೊಂಡ್ ಬನ್ನಿ ಸಾರ್ ಅಂದ." ಅವನು ತಂಗಿಯ ಮಾತಿಗೆ ಕಾದ. "ಹಾಗಾದ್ರೆ ಬಾಗಿಲಿಗೆ ಯಾರು ಹೋಗ್ತಾರೆ?" ಎಂದಳು ತಂಗಿ. "ಗಿರಾಕಿ ಬಂದಾಗೆಲ್ಲ ನಾನು ಎದ್ದು ನಾಯಿ ಹಿಡೀತಾ ಕೂತ್ರೆ ಹೊಲಿಯೋದು ಯಾವಾಗ?" "ಬಾಗಿಲಿಗೆ ಹೋಗಿ ಅವರು ಕಡಿದು ಕಟ್ಟೆ ಹಾಕಿದ್ದು ಇವತ್ತು ನೋಡಿದೆಯಲ್ಲ!" "ಅದೂ ಸರಿಯೇ," ಎಂದಳು ತಂಗಿ. ಯಂತ್ರ ಮತ್ತೆ ಶುರುವಾಯಿತು.

ಅವಳು ನನ್ನಣ್ಣ ಎನ್ನಲಿಲ್ಲ. ಎಲ್ಲಿಗೆ ಹೋಗ್ತಾನೆ ಪಾಪ ಎನ್ನಲಿಲ್ಲ. ಬಾಗಿಲಿಗೆ ಯಾರು ಎಂದಳು. ಅದನ್ನು ಕೇಳಿ ಕೋಪ ಬರಬೇಕಾಗಿತ್ತು. ಬಂದದ್ದು ಒಂದು ಬಗೆಯ ನೆಮ್ಮದಿ. ಪ್ರೀತಿಯಿಂದ ಇಟ್ಟುಕೊಂಡಿದ್ದರೆ ಅದು ಯಾವಾಗ ಮುಗಿಯುತ್ತದೋ ತಿಳಿಯುತ್ತಿರಲಿಲ್ಲ, ಉಳಿಸಿಕೊಳ್ಳಲು ಏನು ಮಾಡಬೇಕೆಂದೂ ತಿಳಿಯುತ್ತಿರಲಿಲ್ಲ. ಇದು ಕೆಲಸ. ಕೆಲಸ ಸರಿಯಾಗಿ ಮಾಡಿದವನನ್ನು ಯಾರು ತೆಗೆಯುತ್ತಾರೆ? ನಾಯಿ ಓಡಬಾರದು, ಅಷ್ಟೇ ತಾನೆ. ಮಂಚದ ಅಂಚಿನಿಂದ ಕೈ ಇಳಿಬಿಟ್ಟ. ಕೆಳಗೆ ಗುಂಡಿ ಅವನ ಬೆರಳು ನೆಕ್ಕಿತು. ನೆಕ್ಕಿಸಿಕೊಳ್ಳುತ್ತಲೇ ಅವನು ತಲೆದಿಂಬಿನ ಕೆಳಗಿದ್ದ ಹಿತ್ತಾಳೆಯ ಹಿಡಿಯನ್ನು ಇನ್ನೊಂದು ಕೈಯಿಂದ ಮುಟ್ಟಿ ನೋಡಿದ. ಬೀಳ್ಕೊಡುಗೆಯ ದಿನ ಕಚೇರಿಯವರು ಕೊಟ್ಟದ್ದು, ಹಳೆಯ ಲಿಫ್ಟಿನದೇ, ಉಜ್ಜಿ ಹೊಳಪು ಮಾಡಿ ಕೆಂಪು ಪಟ್ಟಿ ಕಟ್ಟಿ. ಕೈಯೊಳಗೆ ಅದು ಈಗಲೂ ಸರಿಯಾಗಿ ಕೂರುತ್ತಿತ್ತು.

ತಂಗಿ ನೂಲು, ಅಸ್ತರಿ ಬಟ್ಟೆ ತರಲು ಪೇಟೆಗೆ ಹೋದ ಹೊತ್ತು ನೋಡಿ ಬಾಗಿಲನ್ನು ಸಂದು ಬಿಟ್ಟು, ಮೆಟ್ಟಿಲಿನ ಮೊದಲ ತಿರುವಿನಲ್ಲಿ, ಮೇಲಿನಿಂದ ಕಾಣದ ಹಾಗೆ, ಗೋಡೆಗೆ ಅಂಟಿ ಕೂತ. ಮೊದಲು ಮೂಗು ಬಂತು. ಆಮೇಲೆ ಒಂದು ಕಿವಿ. ತಡೆಯುವ ಕಾಲಿಲ್ಲದ್ದು ಅದಕ್ಕೇ ಆಶ್ಚರ್ಯವಾಗಿರಬೇಕು, ಕ್ಷಣ ನಿಂತು, ಹಾರಿತು. ತಿರುವಿಗೆ ಬಂದದ್ದೇ ತಡ, ಅದರ ಕಿವಿಯ ಪಕ್ಕದ ಕಬ್ಬಿಣದ ಕಂಬಿಗೆ ಅವನು ಹಿತ್ತಾಳೆಯ ಹಿಡಿಯಿಂದ ಬೀಸಿ ಹೊಡೆದ. ಮೂರು ಮಹಡಿಯ ಕಂಬಿ ಒಂದೇ ಕಬ್ಬಿಣ. ಮೆಟ್ಟಿಲುಗಳ ನಡುವಿನ ಟೊಳ್ಳಿಡೀ ಗಂಟೆಯ ಹೊಟ್ಟೆಯಾಗಿ ಮೊಳಗಿತು. ಅವನ ಹಲ್ಲುಗಳೇ ಜುಮ್ಮೆಂದವು. ನಾಯಿ ಗಾಳಿಯಲ್ಲೇ ತಿರುಗಿ, ಬೆನ್ನಿನ ಮೇಲೆ ಬಿದ್ದು, ಉಚ್ಚೆ ಹೊಯ್ದುಕೊಂಡಿತು. ಬೊಗಳಲಿಲ್ಲ. ಬಾಯಿ ತೆರೆದಿತ್ತು, ಸದ್ದು ಮಾತ್ರ ಇರಲಿಲ್ಲ. ಅವನು ಹಿಡಿಯನ್ನು ಜೇಬಿಗೆ ಹಾಕಿ ಅದನ್ನು ಎತ್ತಿಕೊಂಡ. "ಏನಿಲ್ಲ, ಏನಿಲ್ಲ ಮರಿ. ಮಾವ ಇದಾನಲ್ಲ." ಅಂಗೈಯಲ್ಲಿ ಅದರ ಎದೆ ಹೊಲಿಗೆ ಯಂತ್ರದ ಸೂಜಿಯಂತೆ ಬಡಿಯುತ್ತಿತ್ತು. ಒಂದು ಜೀವದ ಗುಂಡಿಗೆ ತನ್ನ ಕೈಯಲ್ಲಿ ಹೀಗೆ ಹೊಡೆದುಕೊಳ್ಳುವುದು ಅವನ ಬದುಕಿನಲ್ಲಿ ಅದೇ ಮೊದಲು. ಒಳಗೆ ಒಯ್ದು, ಒರೆಸಿ, ಬಿಸ್ಕತ್ತು ಕೊಟ್ಟ. ಅದು ಅವನ ತೋಳಿನ ಸಂದಿಗೆ ಮುಖ ತೂರಿಸಿ ಮಲಗಿತು. ಹೊರಗೆ ಭಯ, ಒಳಗೆ ಮಾವ. ಎಷ್ಟು ಸುಲಭದ ಪಾಠ.

ಮರುದಿನ ಮತ್ತೆ. ಅದರ ಮರುದಿನ ಹಿಡಿಯ ಜೊತೆ ಒಂದು ಚೊಂಬು ತಣ್ಣೀರು. ಸಂಜೆ ಹುಡುಗಿ ಬಂದು ನಾಯಿಯನ್ನು ಮಡಿಲಲ್ಲಿ ಇಟ್ಟುಕೊಂಡು, "ಮಾವ, ಗುಂಡಿ ಯಾಕೋ ನಡುಗ್ತಿದೆ," ಎಂದಳು. "ಚಳಿ." "ಈ ಸೆಖೇಲಾ?" "ನಾಯಿಗಳ ಚಳಿ ಬೇರೆ ಕಣೇ." ಅವಳು ನಂಬಿದಳು. ಅಮ್ಮನ ಬಟ್ಟೆ ಚೂರುಗಳನ್ನು ಕೂಡಿಸಿ ಅದಕ್ಕೊಂದು ಅಂಗಿ ಹೊಲಿದಳು. ಆ ಅಂಗಿ ತೊಟ್ಟುಕೊಂಡೇ ಅದು ಮುಂದಿನ ಪಾಠಕ್ಕೆ ಬಂತು. ಇವೆಲ್ಲ ಇರಲಿ, ಕೆಲಸಕ್ಕಾಗಿ ಮಾಡಿದ್ದು ಎಂದು ಅವನು ತನಗೆ ತಾನೇ ಹೇಳಿಕೊಳ್ಳಬಲ್ಲವನಾಗಿದ್ದ. ಆದರೆ ಒಂದು ದಿನ ಬಾಗಿಲು ಪೂರ್ತಿ ತೆರೆದಿಟ್ಟರೂ ನಾಯಿ ಹೊಸ್ತಿಲಲ್ಲೇ ನಿಂತುಬಿಟ್ಟಿತು. ಪಾಠ ಮುಗಿದಿತ್ತು. ಅವನು ಎದ್ದು ಒಳಗೆ ಹೋಗಬಹುದಾಗಿತ್ತು. ಹೋಗದೆ, ತಿರುವಿನಲ್ಲಿ ಕೂತಲ್ಲಿಂದಲೇ, ಬಿಸ್ಕತ್ತು ಕೊಡುವಾಗಿನ ದನಿಯಲ್ಲಿ, "ಬಾ ಗುಂಡಿ, ಬಾ ನನ್ನಪ್ಪ," ಎಂದ. ಅದು ಕಿವಿ ನಿಮಿರಿಸಿತು. ದನಿ ಗುರುತು ಹಿಡಿದು ಬಾಲ ಅಲ್ಲಾಡಿಸಿತು. ಹೊಟ್ಟೆ ನೆಲಕ್ಕೆ ಸವರುತ್ತ, ಒಂದೊಂದೇ ಮೆಟ್ಟಿಲು, ಅವನ ಮೇಲಿನ ನಂಬಿಕೆಯೊಂದನ್ನೇ ಹಿಡಿದುಕೊಂಡು ಇಳಿದು ಬಂತು. ಆಗ ಕಂಬಿಗೆ ಹೊಡೆದ. ಹೊಡೆಯುವಾಗ ಅವನ ಮನಸ್ಸಿನಲ್ಲಿ ಮಂಚವೂ ಇರಲಿಲ್ಲ, ತಂಗಿಯೂ ಇರಲಿಲ್ಲ. ಕರೆದರೆ ಬರುವವರು ತನಗೂ ಇದ್ದಾರೆ ಎಂಬುದು ಮಾತ್ರ ಇತ್ತು, ಅದು ಸಿಹಿಯಾಗಿತ್ತು. ಆ ಸಂಜೆ ಎಂದಿನಂತೆ ಕೈಮುಗಿದು ಕೂತಾಗ ಅಂಗೈಯಿಂದ ನಾಯಿಯ ವಾಸನೆ ಬಂತು. ಅಪ್ಪನ ಪದ್ಯದ ಮೊದಲ ಸಾಲು ಬಂತು, ಎರಡನೆಯದು ಬಂತು, ಮೂರನೆಯದಕ್ಕೆ ಬಾಗಿಲು ತೆರೆಯಲಿಲ್ಲ. ಕಣ್ಣು ಮುಚ್ಚಿಕೊಂಡು ಎರಡು ಮಹಡಿಗಳ ನಡುವೆ ನಿಂತುಬಿಟ್ಟ.

ಆಮೇಲೆ ಗಂಟೆ ಹೊಡೆದರೆ ನಾಯಿ ಬಾಗಿಲಿಗೆ ಓಡುತ್ತಿರಲಿಲ್ಲ, ಮಂಚದ ಕೆಳಗೆ ನುಸುಳುತ್ತಿತ್ತು. ಮನೆಯವರು ಮೊದಲು ಗಮನಿಸಲಿಲ್ಲ, ಗಮನಿಸಿದ ಮೇಲೆ ಹಬ್ಬವೇ ಆಯಿತು. ತಂಗಿಯ ಗಂಡ ಬಾಗಿಲನ್ನು ಹಾರು ಹೊಡೆದಿಟ್ಟು, "ಹೋಗೋ! ಹೋಗೋ ನೋಡೋಣ!" ಎಂದು ಹೊರಗೆ ಕೈ ತೋರಿಸಿದ. ನಾಯಿ ನೆಲಕ್ಕೆ ಅಂಟಿಕೊಂಡಿತು. "ಭಲೇ ಭಾವ! ನಾನು ವರ್ಷಗಟ್ಟಲೆ ಬಾಯಿ ಬಡ್ಕೊಂಡ್ರೂ ನನ್ನ ಶಿಷ್ಯರಿಗೆ ಬ್ರೇಕು ಬರಲ್ಲ. ಏನ್ ಮಾಡಿದ್ರಿ?" "ಪ್ರೀತಿಯಿಂದ ಹೇಳಿಕೊಟ್ಟೆ," ಎಂದ ಅವನು. ಆ ದಿನ ಅವನ ಚಹಾ ಮಂಚಕ್ಕೆ ಬರಲಿಲ್ಲ, ಅವನನ್ನೇ ಮೇಜಿಗೆ ಕರೆದರು. ಹುಡುಗಿ ಅವನ ಭುಜಕ್ಕೆ ತಲೆ ಆನಿಸಿ, "ನನ್ನ ಮಾವ ಅಂದ್ರೆ ಏನಂದ್ಕೊಂಡ್ರಿ," ಎಂದಳು. ಅವನು ಚಹಾ ಬಿಸಿಯಿದ್ದರೂ ಬೇಗ ಕುಡಿದ, ಯಾರಾದರೂ ಮನಸ್ಸು ಬದಲಿಸಿಬಿಟ್ಟಾರು ಎಂಬಂತೆ.

ಏನೋ ಕಡಿಮೆಯಾಗಿದೆ ಎಂದು ಅನ್ನಿಸಿದ್ದು ಕೆಲವು ದಿನ ಕಳೆದ ಮೇಲೆ. ಗಂಟೆ ಹೊಡೆಯಿತು, ಅವನು ಎದ್ದ, ಕಾಲು ಅಡ್ಡ ಇಟ್ಟ. ಹಿಂದಿನಿಂದ ಕೂಗೇ ಬಂದಿರಲಿಲ್ಲ. ಆಮೇಲೊಂದು ದಿನ ಗಂಟೆಗೆ ಉತ್ತರವಾಗಿ ತಂಗಿ ಕೂತಲ್ಲಿಂದಲೇ, "ಬನ್ನಿ, ತೆಗೆದೇ ಇದೆ!" ಎಂದಳು. ಬಾಗಿಲಿಗೆ ಈಗ ಚಿಲಕವನ್ನೂ ಹಾಕುತ್ತಿರಲಿಲ್ಲ. ಗಿರಾಕಿಗಳು ತಾವೇ ತಳ್ಳಿಕೊಂಡು ಬಂದು, ಅವನ ಮಂಚದ ಪಕ್ಕದಲ್ಲೇ ಹಾದು ಹೋಗುತ್ತಿದ್ದರು. ಅಭ್ಯಾಸಬಲದಿಂದ ಹೊಸ್ತಿಲಲ್ಲಿ ನಿಂತ ಅವನಿಗೆ ಸೊಂಟ ಬಿಡಿಸಿದ ಉಡುಪು ಒಯ್ಯಲು ಬಂದ ಆ ದಪ್ಪನೆಯ ಹೆಂಗಸು, "ಸ್ವಲ್ಪ ಜರುಗಿ ಯಜಮಾನ್ರೇ, ದಾರಿಗೆ ಅಡ್ಡ ನಿಂತಿದೀರ," ಎಂದಳು. ಕಚೇರಿಯಲ್ಲೂ ಹೀಗೆಯೇ. ಗುಂಡಿ ಒತ್ತಿದರೆ ತಾನೇ ತೆರೆದು ತಾನೇ ಮುಚ್ಚುವ ಹೊಸ ಲಿಫ್ಟು ಬಂದಾಗ, ಜನಕ್ಕೆ ರೂಢಿಯಾಗುವ ತನಕ ಇರಪ್ಪ ಎಂದಿದ್ದರು. ಅವನು ಎಲ್ಲರಿಗೂ ತಾಳ್ಮೆಯಿಂದ ಹೇಳಿಕೊಟ್ಟ. ಹೆದರುತ್ತಿದ್ದ ಮುದಿ ಟೈಪಿಸ್ಟಮ್ಮನ ಬೆರಳನ್ನು ತಾನೇ ಹಿಡಿದು ಗುಂಡಿಯ ಮೇಲೆ ಇಟ್ಟ. ಅವಳಿಗೂ ಬಂದುಬಿಟ್ಟ ದಿನ ಎಷ್ಟು ಹಿಗ್ಗಿದ್ದ! ಅದೇ ವಾರ ಕೆಂಪು ಪಟ್ಟಿ ಕಟ್ಟಿದ ಹಿಡಿ ಕೈಗೆ ಬಂತು. ದೊಡ್ಡ ಸಾಹೇಬರು ಕೈ ಕುಲುಕಿ, ಅಲ್ಲಿ ಅಂಕಿಗಳಿಲ್ಲದಿದ್ದರೂ, ಅವನ ತಲೆಯ ಮೇಲೆ ನೋಡಿದ್ದರು.

ತಂಗಿ ಬಂದು ಮಂಚದ ತುದಿಗೆ ಕೂತಾಗಲೇ ಅವನಿಗೆ ಗೊತ್ತಾಯಿತು. ಅವಳು ಮಂಚಕ್ಕೆ ಬಂದು ಕೂರುವವಳಲ್ಲ. ಹೊದಿಕೆಯ ಸುಕ್ಕನ್ನು ಗೇಣು ಗೇಣಾಗಿ ಸವರುತ್ತಿದ್ದಳು; ಅಳತೆ ತೆಗೆಯುವ ಕೈ, ಸುಮ್ಮನಿರಲು ಬಾರದು. "ಅಣ್ಣ, ಅಲ್ಲಿ ತೋಟ ಇದೆಯಂತೆ." "ಹೌದಾ." "ನಿನ್ನ ವಯಸ್ಸಿನೋರು ಮಾತಿಗೆ ಸಿಕ್ತಾರೆ." "ಬಾಗಿಲು?" ಎಂದ ಅವನು. ಅವಳಿಗೆ ತಕ್ಷಣ ಅರ್ಥವಾಗಲಿಲ್ಲ. ಆಮೇಲೆ ಅವಳ ಮುಖ ಅರಳಿತು. ಅಣ್ಣನ ಚಿಂತೆಯನ್ನು ಇಷ್ಟು ಸುಲಭವಾಗಿ ಕಳೆಯಬಹುದೆಂಬ ಸಂತೋಷ. "ಅಯ್ಯೋ, ಈಗ ಬಾಗಿಲಿನ ಯೋಚ್ನೆ ಎಲ್ಲಿದೆ? ನಾಯಿ ಕೆಲಸಾನೇ ಇಲ್ವಲ್ಲ. ಎಲ್ಲಾ ನಿನ್ನಿಂದಾನೇ ಅಣ್ಣ." ಕೈ ಹಿಡಿದು ಹೇಳಿದಳು. ನಿಜವಾದ ಉಪಕಾರಸ್ಮರಣೆ ಇತ್ತು ಆ ಕೈಯಲ್ಲಿ.

ಉಳಿದ ದಿನಗಳಲ್ಲಿ ಅವನು ಕಲಿಸಿದ್ದನ್ನು ಬಿಡಿಸಲು ನೋಡಿದ. ತಂಗಿ ಪೇಟೆಗೆ ಹೋದಾಗ ಬಾಗಿಲು ತೆರೆದು, ಹೊರಗೆ ಮೆಟ್ಟಿಲಿನ ತಲೆಯಲ್ಲಿ ಬಿಸ್ಕತ್ತು ಇಟ್ಟು, ತಾನೂ ಅಲ್ಲೇ ಮಂಡಿಯೂರಿ ಕೂತು, "ಓಡೋ. ಒಂದೇ ಒಂದು ಸಲ ಓಡೋ. ನಿನ್ನ ಕಾಲಿಗೆ ಬೀಳ್ತೀನಿ," ಎಂದ. ನಾಯಿ ಅವನ ದನಿಗೆ ಬಾಲ ಅಲ್ಲಾಡಿಸಿತು, ಮೆಟ್ಟಿಲನ್ನು ನೋಡಿ ನಡುಗಿತು, ಎರಡನ್ನೂ ಒಟ್ಟಿಗೆ ಮಾಡಿತು. ಬಿಸ್ಕತ್ತನ್ನು ಇರುವೆಗಳು ಮುತ್ತಿದವು. ಕಡೆಗೆ ಅವನು ಅದರ ಹಿಂದೆ ಹೋಗಿ, ಅದೇ ಬಲಗಾಲಿನಿಂದ, ಹೊರಕ್ಕೆ ನೂಕಿದ. ಅದು ಮಗುವಿನಂತೆ ಕಿರುಚಿ, ಅವನ ಕಾಲುಗಳ ನಡುವಿನಿಂದಲೇ ಒಳಗೆ ಓಡಿತು. ಮೇಲಿನ ಮನೆಯ ಮುದುಕಿ ಮೆಟ್ಟಿಲು ಇಳಿಯುತ್ತ ನಿಂತಳು. "ಏನ್ರೀ, ಮೂಕ ಪ್ರಾಣಿಗೆ ಒದೀತಿದೀರಾ?" "ಇಲ್ಲ ತಾಯಿ. ಓಡೋದು ಕಲಿಸ್ತಿದೀನಿ." ಅವಳು ಅವನನ್ನು ನೋಡಿ, ಗೋಡೆಯ ಕಡೆಗೆ ಸರಿದುಕೊಂಡು ಇಳಿದುಹೋದಳು.

ಹೊರಡುವ ಬೆಳಿಗ್ಗೆ ಎರಡನೆಯ ಯಂತ್ರ ಮರದ ಪೆಟ್ಟಿಗೆಯೊಳಗೆ ಆಗಲೇ ಬಂದು ಬಾಗಿಲ ಹೊರಗೆ ನಿಂತಿತ್ತು, ಒಳಗಿನವರು ಇಳಿದ ಮೇಲೆ ಹತ್ತಲು ಕಾದವರ ಹಾಗೆ. ತಂಗಿಯ ಗಂಡ ಅವನ ಟ್ರಂಕನ್ನು ಭುಜಕ್ಕೇರಿಸಿಕೊಂಡು, "ಭಾವ, ಮೇಲಕ್ಕೋ ಕೆಳಕ್ಕೋ?" ಎಂದ, ವಾತಾವರಣ ಹಗುರಾಗಲಿ ಎಂದೇ. "ಕೆಳಕ್ಕೆ," ಎಂದ ಅವನು. ಹುಡುಗಿ ಕೆಲಸಕ್ಕೆ ರಜೆ ಹಾಕಿ ಅಳುತ್ತಿದ್ದಳು, ಅವಳೊಬ್ಬಳೇ ಅಳುತ್ತಿದ್ದುದು. "ಪ್ರತಿ ಭಾನುವಾರ ಗುಂಡೀನ ಕರ್ಕೊಂಡು ಬರ್ತೀನಿ ಮಾವ." "ಅದು ಬರಲ್ಲಮ್ಮ," ಎಂದ. ಹೊಸ್ತಿಲು ದಾಟುವಾಗ ಬಲಗಾಲು ತಾನಾಗಿ ಅಡ್ಡ ಹೋಯಿತು. ಓರೆಯಾಗಿ, ಬೆನ್ನು ಹಿಂದಾಗಿ, ಸಂದಿನಿಂದ ಜಾರುವವನಂತೆ ಹೊರಬಂದ. ತಂಗಿ ನಕ್ಕುಬಿಟ್ಟಳು. "ನೇರವಾಗಿ ಹೋಗಣ್ಣ. ಯಾರು ಓಡ್ತಾರೆ ಈಗ!"

ಇಳಿದ. ಮೊದಲ ತಿರುವಿಗೆ ಬಂದಾಗ ಕಾಲುಗಳು ನಿಂತವು. ಅದೇ ಗೋಡೆ, ಅದೇ ಕಂಬಿ. ಕಂಬಿಯಲ್ಲಿ ಬಣ್ಣ ಎದ್ದುಹೋಗಿ ಸಣ್ಣ ಸಣ್ಣ ತಗ್ಗು. ಜೇಬಿನಲ್ಲಿ ಹಿಡಿ ಭಾರವಾಗಿ ತೊಡೆಗೆ ತಾಗುತ್ತಿತ್ತು. ಕೆಳಗೆ ತಂಗಿಯ ಗಂಡ ಹಾರ್ನು ಒತ್ತಿದ. ಮೇಲೆ ಬಾಗಿಲು ಇನ್ನೂ ತೆರೆದೇ ಇತ್ತು. ಅಲ್ಲಿ, ಕರಕರ ಎಂದು ಉಗುರಿನ ಸದ್ದು. ಕತ್ತೆತ್ತಿ ನೋಡಿದ. ಹೊಸ್ತಿಲ ಅಂಚಿನಲ್ಲಿ ಮೂಗು, ಆಮೇಲೆ ಒಂದು ಕಿವಿ, ಚೂರು ಬಟ್ಟೆಯ ಅಂಗಿ. ಅದು ಅವನನ್ನು ಕಾಣಲಾರದು, ವಾಸನೆ ಹಿಡಿದಿತ್ತು. ಮೈಯಿಡೀ ನಡುಗುತ್ತ, ಕೊರಳಲ್ಲಿ ಏನೋ ಸಣ್ಣಗೆ ಎಳೆಯುತ್ತ, ಒಂದು ಪಂಜವನ್ನು ಹೊರಗಿಟ್ಟಿತು. ಹಿಂದಕ್ಕೆ ತೆಗೆಯಿತು. ಮತ್ತೆ ಇಟ್ಟಿತು. ಆಮೇಲೆ ಹೊಟ್ಟೆ ನೆಲಕ್ಕೆ ಸವರುತ್ತ, ಭಯ ಎಷ್ಟಿತ್ತೋ ಅಷ್ಟನ್ನೂ ಬೆನ್ನ ಮೇಲೆ ಹೊತ್ತುಕೊಂಡು, ಪೂರ್ತಿ ದಾಟಿತು. ಬಾ, ಎಂದ ಅವನು ಮನಸ್ಸಿನಲ್ಲೇ. ಬಾ, ನನ್ನನ್ನೂ ದಾಟಿಕೊಂಡು ಓಡು, ಬೀದಿಗೆ ಓಡು. ನೀನು ಓಡಿದರೆ ನನಗೆ ಮಂಚ ಇದೆ. ನಾಯಿ ಒಂದು ಮೆಟ್ಟಿಲು ಇಳಿಯಿತು. ಇನ್ನೊಂದು. ಅವನ ಕಣ್ಣು ತುಂಬಿತು, ಬಹಳ ದಿನದಿಂದ ಬಾರದಿದ್ದ ಮೂರನೆಯ ಸಾಲು ತುಟಿಯ ತನಕ ಬಂತು, ಆಗ ಮೇಲಿನಿಂದ ತಂಗಿ ಗಾಬರಿಯಾಗಿ, ಹಳೆಯ ದನಿಯಲ್ಲಿ, ಹೊಟ್ಟೆಯೊಳಗಿಂದ ಕೂಗಿದಳು:

"ಅಣ್ಣಾ, ನಾಯಿ!"

ಎಷ್ಟು ದಿನವಾಗಿತ್ತು. ಅವನ ಕೈ ಆಗಲೇ ಜೇಬಿನಿಂದ ಹೊರಬಂದಿತ್ತು. ಕಬ್ಬಿಣ ಕೆಳಗಿನಿಂದ ಮೇಲಿನ ತನಕ ಮೊಳಗಿತು, ಎಂದಿಗಿಂತ ಚೆನ್ನಾಗಿ.

ಉಗುರಿನ ಸದ್ದು ಮೇಲಕ್ಕೆ ಓಡಿ ಒಳಗೆಲ್ಲೋ ಮಂಚದ ಅಡಿಯಲ್ಲಿ ನಿಂತಿತು. "ಅಬ್ಬ, ಒಳಗೆ ಬಂತು," ಎಂದಳು ತಂಗಿ. "ನೀನು ಹೋಗಣ್ಣ, ಹೊತ್ತಾಯ್ತು." ಹುಡುಗಿ ಮಾತ್ರ ಕಂಬಿಯ ಮೇಲೆ ಬಾಗಿ ಕೆಳಗೆ ನೋಡಿದಳು. ಎತ್ತಿದ ಅವನ ಕೈಯನ್ನು ನೋಡಿದಳು, ಕೈಯಲ್ಲಿದ್ದುದನ್ನು ನೋಡಿದಳು, ಕಂಬಿಯ ತಗ್ಗುಗಳನ್ನು ನೋಡಿದಳು. ಅವಳ ಅಳು ನಿಂತಿತು. ಒಳಗೆ ಹೋಗಿ ಬಾಗಿಲು ಮುಚ್ಚಿದಳು. ಎಷ್ಟೋ ದಿನದ ಮೇಲೆ ಚಿಲಕ ಬಿತ್ತು. ಕಂಬಿ ಇನ್ನೂ ಅವನ ಎಡಗೈಯ ಕೆಳಗೆ ಸಣ್ಣಗೆ ಗುನುಗುತ್ತಿತ್ತು. ಬಲಗಾಲು ಮೆಟ್ಟಿಲಿಗೆ ಅಡ್ಡವಾಗಿ, ಹಿಮ್ಮಡಿ ಗೋಡೆಗೆ ತಾಗಿ ನಿಂತಿತ್ತು. ಕೆಳಗೆ ಹಾರ್ನು ಮತ್ತೆ ಕೂಗಿತು. ಕಾಲನ್ನು ಅಲ್ಲಿಂದ ಎತ್ತಲು ಅವನಿಗೆ ಸ್ವಲ್ಪ ಹೊತ್ತು ಹಿಡಿಯಿತು.